ಸೇತುವೆ ಇದ್ದ ಜಾಗ

ಸೇಂಟ್ ಕ್ರಿಸ್ಪಿನ್ ದ್ವೀಪದಲ್ಲಿ ದಾರಿ ಕೇಳಿದವರಿಗೆ ಈಗ ಇಲ್ಲದಿರುವ ವಸ್ತುಗಳ ಗುರುತು ಹೇಳಿ ದಾರಿ ತೋರಿಸುವುದು ಹಿಂದಿನಿಂದ ನಡೆದುಬಂದ ಪದ್ಧತಿಯಾಗಿದ್ದು, ಇದರಿಂದ ಇದುವರೆಗೆ ಯಾವ ಸ್ಥಳೀಯನೂ ದಾರಿ ತಪ್ಪಿದ ದಾಖಲೆ ಇರುವುದಿಲ್ಲ. "ದೀವಿಹಲಸಿನ ಮರ ಇತ್ತಲ್ಲ, ಅಲ್ಲಿ ಎಡಕ್ಕೆ ತಿರುಗು. ಮಿಸ್ ಓಲಿವ್ ಅಂಗಡಿ ಸುಟ್ಟೋಯ್ತಲ್ಲ, ಅದರ ಎದುರಿಗೇ" ಅಂದರೆ ಸಾಕು, ಕೇಳಿದವನು ತಲೆಯಾಡಿಸಿ ನೆಟ್ಟಗೆ ಹೋಗಿ ಮುಟ್ಟುತ್ತಾನೆ. ಆ ಮರ ಪ್ರೂಡೆನ್ಸ್ ಚಂಡಮಾರುತಕ್ಕೆ ಬಿದ್ದದ್ದು ಕೇಳಿದವನು ಹುಟ್ಟುವುದಕ್ಕೆ ಮುಂಚೆ. ಅದರಿಂದೇನು? ಇರುವ ಮರ ಇವತ್ತು ಇರುತ್ತದೆ, ನಾಳೆ ಬೀಳುತ್ತದೆ. ಬಿದ್ದ ಮರ ಮಾತ್ರ ಎಲ್ಲಿಗೂ ಹೋಗುವುದಿಲ್ಲ.

ಇಂಥ ಸುವ್ಯವಸ್ಥಿತ ದ್ವೀಪಕ್ಕೆ ತೊಂದರೆ ಬಂದದ್ದು ರಜೆ ಕಳೆಯಲು ಬಂದು ಕಾರು ಬಾಡಿಗೆಗೆ ಹಿಡಿಯುವವರಿಂದ. ಇದನ್ನು ಎಲ್ಲರಿಗಿಂತ ಮೊದಲು ಕಂಡವಳು ಅರ್ಲೀನ್ ಪೋಲಿಡೋರ್. ಹಡಗುಕಟ್ಟೆಯ ಪಕ್ಕದಲ್ಲೇ ಅವಳ ಬಾಡಿಗೆ ಗಾಡಿಯ ಅಂಗಡಿ. ಇದ್ದವು ನಾಲ್ಕೇ ಮುದಿ ಜೀಪು. ಹಾರ್ನ್ ಗಟ್ಟಿಮುಟ್ಟು, ಬ್ರೇಕು ದೇವರ ದಯೆ. ಹೊರಗಿನವರು ವಾರಕ್ಕೆಂದು ಜೀಪು ಹಿಡಿದು, ಬೆಳಗಿನ ತಿಂಡಿ ಮುಗಿಸಿ ಹೊರಟು, ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಕೀಲಿಕೈ ತಂದು ಅವಳ ಮೇಜಿನ ಮೇಲೆ ಇಡುತ್ತಿದ್ದರು.

"ಯಾಕ್ರೀ, ಗಾಡಿ ಕೆಟ್ಟೋಯ್ತಾ?"

"ಇಲ್ಲ, ಮುಗೀತು."

"ಏನು ಮುಗೀತು?"

"ದ್ವೀಪ."

ಇದಕ್ಕೆ ಅರ್ಲೀನ್ ಏನು ತಾನೇ ಹೇಳಬೇಕು? ದೇವರು ದ್ವೀಪವನ್ನು ಅಷ್ಟೇ ಮಾಡಿಟ್ಟಿದ್ದ. ಉಳಿದ ದಿನಗಳ ಬಾಡಿಗೆ ವಾಪಸು ಕೇಳುವವರ ಜೊತೆ ಕಿತ್ತಾಡುವುದೇ ಅವಳ ಮುಖ್ಯ ಕಸುಬಾಯಿತು. ಜೀಪು ಬಾಡಿಗೆಗೆ ಕೊಡುವುದು ಅದರ ಪೂರ್ವಸಿದ್ಧತೆ ಅಷ್ಟೆ.

ಹೀಗಿರುವಾಗ ವಿನಿಪೆಗ್ ಎಂಬ ಚಳಿಯೂರಿನಿಂದ ಹಾಲ್ವರ್ಸನ್ ದಂಪತಿ ಬಂದರು. ಗಂಡ ಮೆತ್ತಗಿನ ಮನುಷ್ಯ. ಹೆಂಡತಿ ದನದ ಡಾಕ್ಟರಾಗಿದ್ದು ನಿವೃತ್ತಳಾದವಳು. ಇವರಿಗೆ ನಕ್ಷೆ ನೋಡುವ ಚಾಳಿ ಇರಲಿಲ್ಲ, ಜೀಪು ನಿಲ್ಲಿಸಿ ಜನರನ್ನು ಕೇಳುವ ಚಾಳಿ ಇತ್ತು. ಜನ ಹೇಳಿದರು. ಇಬ್ಬರೂ ಇಲ್ಲದ ಮರದ ಹತ್ತಿರ ತಿರುಗಿ, ಸುಟ್ಟುಹೋದ ಅಂಗಡಿ ಹುಡುಕಿ, ಸತ್ತುಹೋದ ಕತ್ತೆ ಕಟ್ಟುತ್ತಿದ್ದ ಮೂಲೆಯನ್ನು ದಾಟಿ ಯಾರ್ಯಾರದೋ ಅಂಗಳಕ್ಕೆ ಹೋಗಿ ನಿಂತರು. ಅಂಗಳಕ್ಕೆ ಬಂದವರನ್ನು ಉಣ್ಣಿಸದೆ ಕಳಿಸುವ ಜನ ಅಲ್ಲಿಲ್ಲ. ವಾರ ಮುಗಿಯುವಷ್ಟರಲ್ಲಿ ಆ ದಂಪತಿ ಒಂದು ನಾಮಕರಣ, ಎರಡು ತಿಥಿಯೂಟ ಮುಗಿಸಿದ್ದರು. ನೋಡಬೇಕೆಂದು ಹೊರಟ ಜಲಪಾತ ಮಾತ್ರ ಕೊನೆಗೂ ಸಿಕ್ಕಿರಲಿಲ್ಲ. ವಾಪಸು ಹೋಗುವಾಗ ವಿಮಾನ ನಿಲ್ದಾಣದ ಅಭಿಪ್ರಾಯ ಪುಸ್ತಕದಲ್ಲಿ ಹೀಗೆ ಬರೆದರು: "ಬಹಳ ದೊಡ್ಡ ದ್ವೀಪ. ಎಲ್ಲವನ್ನೂ ನೋಡಲಾಗಲಿಲ್ಲ. ಮತ್ತೆ ಬರುತ್ತೇವೆ."

ದ್ವೀಪವನ್ನು ದೊಡ್ಡದು ಎಂದು ಲಿಖಿತವಾಗಿ ಒಪ್ಪಿಕೊಂಡವರು ಚರಿತ್ರೆಯಲ್ಲೇ ಇವರು ಮೊದಲಿಗರಾದ್ದರಿಂದ ಆ ಪುಟವನ್ನು ಮಾನ್ಯ ಸಚಿವ ಕತ್ಬರ್ಟ್ ಲಾರೊಂಡ್ ಅವರ ಅವಗಾಹನೆಗೆ ತರಲಾಯಿತು.

ಲಾರೊಂಡ್ ಅವರು ಪ್ರವಾಸೋದ್ಯಮ ಸಚಿವರು. ಲೋಕೋಪಯೋಗಿ ಸಚಿವರೂ ಅವರೇ. ದ್ವೀಪದಲ್ಲಿ ಖಾತೆಗಳು ಜಾಸ್ತಿ, ಜನ ಕಡಿಮೆ. ಎರಡು ಕಚೇರಿಗಳ ನಡುವೆ ಒಂದು ಬಾಗಿಲಿದ್ದು, ಒಂದು ಇಲಾಖೆ ಇನ್ನೊಂದಕ್ಕೆ ಪತ್ರ ಬರೆದರೆ ಸಚಿವರು ಆ ಬಾಗಿಲು ದಾಟಿ ಹೋಗಿ ಉತ್ತರ ಬರೆದು ಬರುತ್ತಿದ್ದರು. ಹಿಂದಿನ ವರ್ಷ ರಸ್ತೆ ಗುಂಡಿಗಳ ವಿಷಯದಲ್ಲಿ ಪ್ರವಾಸೋದ್ಯಮ ಸಚಿವರು ಲೋಕೋಪಯೋಗಿ ಸಚಿವರನ್ನು ರೇಡಿಯೋದಲ್ಲಿ ಕಟುವಾಗಿ ಟೀಕಿಸಿದ್ದು, ಲೋಕೋಪಯೋಗಿ ಸಚಿವರು ಪ್ರತಿಕ್ರಿಯೆ ನೀಡಲು ನಿರಾಕರಿಸಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ.

ಪುಟವನ್ನು ಓದಿದ ಸಚಿವರು ಕೂಡಲೇ ಪ್ರಕಟಣೆ ಹೊರಡಿಸಿದರು:

"ಈ ಮೂಲಕ ಸಮಸ್ತ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ನಮ್ಮ ದ್ವೀಪದ ಉದ್ದಗಲಗಳು ರಜೆಯ ಅವಧಿಗೆ ಸಾಲದೆ ಬರುತ್ತಿವೆ. ಸದರಿ ದ್ವೀಪವನ್ನು ಸಮುದ್ರದ ಕಡೆಗೆ ವಿಸ್ತರಿಸಲು ಅನುದಾನ ಲಭ್ಯವಿಲ್ಲದ ಕಾರಣ, ಭೂತಕಾಲದ ಕಡೆಗೆ ವಿಸ್ತರಿಸಲು ಸರ್ಕಾರ ತೀರ್ಮಾನಿಸಿದೆ."

ಇದಕ್ಕೆ ಗತವಸ್ತು ಮಾರ್ಗದರ್ಶಿ ಯೋಜನೆ ಎಂದು ಹೆಸರು. ಮೊದಲ ಹಂತದಲ್ಲಿ ಊರಿನ ಹೆಸರು, ದಿಕ್ಕು, ದೂರ ತೋರಿಸುತ್ತಿದ್ದ ಫಲಕಗಳನ್ನೆಲ್ಲ ಕಿತ್ತುಹಾಕಲಾಯಿತು. ಅವು ಪ್ರವಾಸಿಗರನ್ನು ಹೋಗಬೇಕಾದ ಜಾಗಕ್ಕೆ ಬೇಗ ಮುಟ್ಟಿಸಿ ಬೊಕ್ಕಸಕ್ಕೆ ನಷ್ಟ ಉಂಟುಮಾಡುತ್ತಿದ್ದವು. ಎರಡನೇ ಹಂತದಲ್ಲಿ "ಇಲ್ಲಿ ದೀವಿಹಲಸಿನ ಮರ ಇತ್ತು," "ಇಲ್ಲಿ ಅಂಗಡಿ ಇತ್ತು," "ಇಲ್ಲಿ ಕತ್ತೆ ಇತ್ತು" ಎಂಬ ಹೊಸ ಫಲಕಗಳನ್ನು ನೆಡಲಾಯಿತು. ಫಲಕ ಬರೆಯುವ ಗುತ್ತಿಗೆ ಸಚಿವರ ಭಾವಮೈದನಿಗೆ ಸಿಕ್ಕಿತು. ಆತ ಅಲ್ಲಿಯವರೆಗೆ ಶವಪೆಟ್ಟಿಗೆಗಳಿಗೆ ಬಣ್ಣ ಹೊಡೆಯುತ್ತಿದ್ದವನಾಗಿ, ಗತಿಸಿದವುಗಳ ವಿಷಯದಲ್ಲಿ ಅನುಭವ ಉಳ್ಳವನೆಂದು ಟೆಂಡರ್ ಸಮಿತಿ ಷರಾ ಬರೆಯಿತು. ಟೆಂಡರ್ ಸಮಿತಿಯಲ್ಲಿ ಇದ್ದವರು ಆ ಎರಡೂ ಸಚಿವರು.

ನಿಯಮ ಒಂದೇ, ಆದರೆ ಕಟ್ಟುನಿಟ್ಟು. ಫಲಕ ಬೇಕೆಂದರೆ ವಸ್ತು ಸಂಪೂರ್ಣವಾಗಿ ಇಲ್ಲದಿರತಕ್ಕದ್ದು. ಅರ್ಧಂಬರ್ಧ ಇದ್ದರೆ ಅರ್ಜಿ ತಿರಸ್ಕೃತ. ಫಲಕ ಇದ್ದ ಕಡೆ ಜೀಪುಗಳು ನಿಲ್ಲುತ್ತವೆ, ಜೀಪು ನಿಂತ ಕಡೆ ಎಳನೀರು, ಕರಿದ ಮೀನು ಖರ್ಚಾಗುತ್ತದೆ ಎಂಬುದು ಗೊತ್ತಾದ ಮೇಲೆ ಜನ ಸುಮ್ಮನಿರುತ್ತಾರೆಯೇ? ಥಿಯೋಫಿಲಸ್ ಎಂಬ ರೈತ ಕಾಯಿ ಬಿಟ್ಟು ನಿಂತಿದ್ದ ಬಾದಾಮಿ ಮರವನ್ನು ಬೆಳಿಗ್ಗೆ ಕಡಿದು ಮಧ್ಯಾಹ್ನ ಅರ್ಜಿ ಕೊಟ್ಟ. ರಮ್ಮು ಕಾಯಿಸುವ ಹಳೆಯ ಭಟ್ಟಿಯ ಚಿಮಣಿ ಒಂದು ಬಾಕಿ ಉಳಿದಿತ್ತು. ಮಾಲೀಕರು ಅದನ್ನೂ ಉರುಳಿಸಿ ಅರ್ಹತೆ ಗಳಿಸಿದರು. ಅಂಚೆ ಕಚೇರಿಯವರು ತಮ್ಮ ಕಟ್ಟಡದ ಬಗ್ಗೆ ಮೇಲಧಿಕಾರಿಗಳ ಅನುಮತಿ ಕೇಳಿ ಬರೆದಿದ್ದಾರೆ. ಆದರೆ ಪತ್ರ ಅಂಚೆಯಲ್ಲೇ ಹೋಗಬೇಕಾದ್ದರಿಂದ ಉತ್ತರ ಇನ್ನೂ ಬಂದಿಲ್ಲ.

ಯೋಜನೆ ಭರ್ಜರಿಯಾಗಿ ಗೆದ್ದಿತು. ಅರ್ಲೀನಳ ಜೀಪುಗಳು ಈಗ ವಾರಗಟ್ಟಲೆ ವಾಪಸು ಬರುತ್ತಿರಲಿಲ್ಲ. ಅವಳು ಇದನ್ನು ಬೇಡವೆನ್ನುವಷ್ಟು ದಡ್ಡಳಲ್ಲ. ಆದರೆ ಅವಳ ತಲೆಯೊಳಗೆ ಹುಳ ಕೊರೆಯುತ್ತಿದ್ದದ್ದು ಬೇರೆ.

ಅವಳ ಊರು ಅನ್ಸ್ ಕಾಕೋ. ರಸ್ತೆ ಮುಗಿಯುವ ಕೊನೆ. ಊರಿಗೂ ಪಟ್ಟಣಕ್ಕೂ ನಡುವೆ ಒಂದು ಹೊಳೆ. ಬೇಸಗೆಯಲ್ಲಿ ಜೀಪಿನ ಚಕ್ರ ಮುಳುಗುವಷ್ಟು ನೀರು, ಹೇಗೋ ದಾಟಬಹುದು. ಮಳೆಗಾಲದಲ್ಲಿ ದೇವರೇ ಬಂದರೂ ಈಚೆ ದಡದಲ್ಲಿ ಕೂರಬೇಕು. ಪ್ರತಿ ಚುನಾವಣೆಗೂ ಒಬ್ಬರು ಬಂದು ಸೇತುವೆಗೆ ಅಡಿಗಲ್ಲು ಹಾಕಿ ಹೋಗುತ್ತಿದ್ದರು. ಆ ಅಡಿಗಲ್ಲುಗಳನ್ನೇ ಸಾಲಾಗಿ ಇಟ್ಟಿದ್ದರೆ ಇಷ್ಟು ಹೊತ್ತಿಗೆ ಆಚೆ ದಡ ಮುಟ್ಟುತ್ತಿತ್ತು. ಈಗ ಅರ್ಲೀನಳ ಮಗಳು ಶರ್ನೆಲ್ ಬಸುರಿ. ದಿನ ತುಂಬುವುದು ಸರಿಯಾಗಿ ಮಳೆಗಾಲಕ್ಕೆ. ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯ ಯೂನಾ ಹೊಳೆ ಇಳಿಯಲೆಂದು ದಡದಲ್ಲಿ ಕಾಯುತ್ತ ಕೂತೇ ಮಗು ಕಳೆದುಕೊಂಡಿದ್ದಳು. ಅರ್ಲೀನ್ ಆವತ್ತು ಅವಳ ಕೈ ಹಿಡಿದು ಕೂತಿದ್ದಳು.

"ಪಟ್ಟಣದಲ್ಲಿ ಯಾರ ಮನೇಲಾದ್ರೂ ಇದ್ದುಬಿಡ್ಲಾ ಅಮ್ಮಾ?" ಎಂದು ಶರ್ನೆಲ್ ಕೇಳಿದ್ದಳು.

"ಇರೋ ರೂಮೆಲ್ಲ ಟೂರಿಸ್ಟ್‌ಗಳಿಗೆ ಕೊಟ್ಟವ್ರೆ ಕಣೇ. ನಿನ್ನತ್ತೆ ತನ್ನ ಮಂಚಾನೇ ಬಾಡಿಗೆಗೆ ಬಿಟ್ಟು ಕೋಳಿ ಗೂಡಿನ ಪಕ್ಕ ಮಲಗ್ತಾಳೆ. ಇರು, ನಾನ್ ಹೋಗಿ ಸೇತುವೆ ಕೇಳ್ಕೊಂಡ್ ಬರ್ತೀನಿ."

ಅರ್ಲೀನ್ ಹೋದದ್ದು ಲೋಕೋಪಯೋಗಿ ಇಲಾಖೆಯ ಕಾಯಂ ಕಾರ್ಯದರ್ಶಿ ಇಗ್ನೇಷಿಯಸ್ ಫಾಂಟನೆಲ್ ಅವರ ಹತ್ತಿರ. ಸುಡುಬಿಸಿಲಲ್ಲೂ ಕೋಟು ತೊಡುವ ಮನುಷ್ಯ. ಚರ್ಚಿನ ಲೆಕ್ಕದಲ್ಲಿ ಅರ್ಲೀನಳ ತಾಯಿಗೆ ಧರ್ಮಪುತ್ರನಾಗಬೇಕು, ಆದರೆ ಕಚೇರಿ ವೇಳೆಯಲ್ಲಿ ಆಗುತ್ತಿರಲಿಲ್ಲ.

"ಸಾರ್, ಅನ್ಸ್ ಕಾಕೋ ಸೇತುವೆ ವಿಷ್ಯ ಮಾತಾಡ್ಬೇಕಿತ್ತು."

"ಹೋಗಿದ್ದರ ಬಗ್ಗೆಯಾ?"

"ಹೋಗಿದ್ದಲ್ಲ ಸಾರ್, ಬರಬೇಕಾಗಿರೋದು."

ಫಾಂಟನೆಲ್ ದೊಡ್ಡ ವಹಿ ತೆರೆದು ಬೆರಳಿಟ್ಟು ತೋರಿಸಿದರು. ಅನ್ಸ್ ಕಾಕೋ: ಸೇತುವೆ: ಗತಿಸಿದೆ.

ಇದು ಅಲ್ಲಿಗೆ ಬಂದ ಬಗೆ ಸಂಪೂರ್ಣ ನಿಯಮಬದ್ಧವಾಗಿತ್ತು. ಗತವಸ್ತುಗಳ ಪಟ್ಟಿ ಮಾಡಲು ಹೋದ ಗುಮಾಸ್ತ ಊರಿನ ಹಿರಿಯರೊಬ್ಬರನ್ನು "ಇಲ್ಲಿ ಏನೇನು ಇಲ್ಲ?" ಎಂದು ಕೇಳಿದ. ಅವರು "ಆಸ್ಪತ್ರೆ ಇಲ್ಲ, ಫೋನು ಸಿಗಲ್ಲ, ಸೇತುವೆ ಇಲ್ಲ" ಅಂದರು. ಆಸ್ಪತ್ರೆ ಪಟ್ಟಣದಲ್ಲಿ ಒಂದು ಇದ್ದುದರಿಂದ ಸಂಪೂರ್ಣ ಇಲ್ಲವೆನ್ನಲು ಬರುತ್ತಿರಲಿಲ್ಲ. ಫೋನಿನ ಸಿಗ್ನಲ್ಲಿಗೆ ಫಲಕ ನೆಡುವ ಜಾಗ ಗೊತ್ತಾಗಲಿಲ್ಲ. ಸೇತುವೆ ಎಲ್ಲ ರೀತಿಯಿಂದಲೂ ಅರ್ಹವಾಗಿತ್ತು. ಈ ದ್ವೀಪದಲ್ಲಿ ಒಂದು ವಸ್ತು ಇಲ್ಲ ಎಂದು ಜನ ಇಷ್ಟು ಖಚಿತವಾಗಿ ಹೇಳುತ್ತಾರೆಂದರೆ ಅದು ಹಿಂದೆ ಇದ್ದಿರಲೇಬೇಕು.

"ಅದು ಇರ್ಲೇ ಇಲ್ಲ ಸಾರ್!"

"ಇರಲಿಲ್ಲ ಅನ್ನೋದಕ್ಕೆ ಪುರಾವೆ?"

"ಹೋಗಿ ನೋಡಿ ಸಾರ್, ಹೊಳೆ ಮೇಲೆ ಏನಾದ್ರೂ ಇದೆಯಾ ಅಂತ!"

"ಏನೂ ಇಲ್ಲ. ನಮ್ಮ ಫಲಕವೂ ಅದನ್ನೇ ಹೇಳುತ್ತೆ. ನಿಮ್ಮದೂ ನಮ್ಮದೂ ಒಂದೇ ಅಭಿಪ್ರಾಯ ಮಿಸೆಸ್ ಪೋಲಿಡೋರ್. ಜಗಳ ಎಲ್ಲಿ ಬಂತು?"

ಅರ್ಲೀನಳ ಸಹನೆಯ ಕಟ್ಟೆ ಒಡೆಯಿತು. "ಇಗ್ಗಿ, ನೀನು ಚಿಕ್ಕೋನಿದ್ದಾಗ ರಜಕ್ಕೆ ನಮ್ಮೂರಿಗೆ ಬರ್ತಿದ್ದೆ. ನಮ್ಮಪ್ಪ ನಿನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಹೊಳೆ ದಾಟಿಸ್ತಿದ್ದ. ಸೇತುವೆ ಇದ್ದಿದ್ರೆ ಅವನ್ಯಾಕೋ ಹೊತ್ಕೊಂಡ್ ಬರ್ತಿದ್ದ?"

"ವ್ಯಾಯಾಮಕ್ಕೆ ಇರಬಹುದು," ಅಂದರು ಫಾಂಟನೆಲ್.

"ಹೋಗ್ಲಿ, ಇತ್ತು ಅಂತಾನೇ ಇಟ್ಕೋ. ಈಗ ಇನ್ನೊಂದು ಕಟ್ಟಿಕೊಡು."

"ಗತಿಸಿದ ವಸ್ತುವಿನ ಜಾಗದಲ್ಲಿ ಅದೇ ವಸ್ತುವನ್ನು ಕಟ್ಟಿದರೆ ಗತಿಸಿದ್ದಕ್ಕೆ ಧಕ್ಕೆ ಬರುತ್ತೆ. ಬರೋ ಹಾಗಿಲ್ಲ."

"ಅದರ ಪಕ್ಕದಲ್ಲಿ ಕಟ್ಟು."

"ಸೇತುವೆ ಇದ್ದ ಜಾಗ ಇಲ್ಲಿಂದ ಇಲ್ಲಿಗೆ ಅಂತ ಯಾರೂ ಗುರುತಿಸಿಲ್ಲ. ಹಾಗಾಗಿ ಇಡೀ ಹೊಳೆಯನ್ನ ಕಾಯ್ದಿರಿಸಲಾಗಿದೆ."

ಆದರೂ ಅವರು ನಿರ್ದಯಿಯಲ್ಲ. ಹೊರಡುವಾಗ ಒಂದು ಉಪಾಯ ಹೇಳಿಕೊಟ್ಟರು. ಅನ್ಸ್ ಕಾಕೋದ ವಯಸ್ಕರೆಲ್ಲರೂ ಒಮ್ಮತದಿಂದ "ಸೇತುವೆ ಇದ್ದದ್ದು ನಮಗೆ ನೆನಪಿಲ್ಲ" ಎಂದು ಹೇಳಿದಲ್ಲಿ ವಹಿಯಿಂದ ಅದನ್ನು ತೆಗೆಯಬಹುದು. ತೆಗೆದರೆ ಕಟ್ಟಬಹುದು. ಒಬ್ಬರಿಗೆ ನೆನಪಿದ್ದರೂ ಆಗದು.

ಇದಕ್ಕಿಂತ ಸುಲಭದ ಕೆಲಸ ಇದೆಯೇ ಎಂದುಕೊಂಡು ಅರ್ಲೀನ್ ಹುರುಪಿನಿಂದ ಊರಿಗೆ ಬಂದಳು. ಮೊದಲು ಸಿಕ್ಕಿದವಳು ಅವಳ ತಾಯಿ, ಊರೆಲ್ಲ ಮಾ ಫೀಲೋ ಎಂದು ಕರೆಯುವ ಮುದುಕಿ. "ಇಲ್ಲಿ ಸೇತುವೆ ಇತ್ತು" ಎಂಬ ಹೊಸ ಫಲಕದ ಅಡಿಯಲ್ಲಿ ಕುರ್ಚಿ ಹಾಕಿ, ಕೊಬ್ಬರಿ ಮಿಠಾಯಿ ತಟ್ಟೆಯಲ್ಲಿಟ್ಟು, ಜೀಪಿನಲ್ಲಿ ಬಂದ ಪ್ರವಾಸಿಗರ ಗುಂಪಿಗೆ ಏನೋ ಹೇಳುತ್ತಿದ್ದಳು.

"...ನಮ್ಮ ಯಜಮಾನ್ರು ನನ್ನ ಕೈ ಹಿಡಿದಿದ್ದು ಆ ಸೇತುವೆ ಮೇಲೇನೇ. ಸಂಜೆ ಆಗಿತ್ತು."

ಪ್ರವಾಸಿಗರು ಖಾಲಿ ಹೊಳೆಯ ಫೋಟೋ ತೆಗೆದುಕೊಂಡು, ಮಿಠಾಯಿ ಕೊಂಡು, ಕಣ್ಣೊರೆಸಿಕೊಂಡು ಹೊರಟರು.

"ಮಾ! ಏನಿದು? ಅಪ್ಪ ನಿನ್ನ ಕೈ ಹಿಡಿದಿದ್ದು ನಿಂಬೆರಸದ ಕಾರ್ಖಾನೆ ಹಿಂದೆ ಅಂತ ಹೇಳ್ತಿದ್ದೆ?"

"ಅಲ್ಲಿ ಹಿಡಿದಿದ್ದು ಕೈ ಅಲ್ಲ," ಅಂದಳು ಮಾ ಫೀಲೋ.

"ಸುಳ್ಳು ಹೇಳೋಕೆ ನಾಚಿಕೆ ಆಗಲ್ವಾ ನಿಂಗೆ? ಈ ವಯಸ್ಸಲ್ಲಿ?"

"ಸುಳ್ಳಲ್ವೇ. ಮೊದಲ ದಿನ ಸುಮ್ನೆ ಹೇಳ್ದೆ. ಎರಡನೇ ದಿನ ಹೇಳೋವಾಗ ಕಟಕಟೆ ಬಣ್ಣ ಕಾಣಿಸ್ತು. ಹಸಿರು. ಈಗ ಕಣ್ಮುಚ್ಚಿದ್ರೆ ಹಲಗೆ ಕಿರುಗುಟ್ಟೋದೂ ಕೇಳ್ಸುತ್ತೆ."

"ಮಾ, ಶರ್ನೆಲ್‌ಗೋಸ್ಕರ ಕೇಳ್ತಿದೀನಿ. ನೆನಪಿಲ್ಲ ಅಂತ ಒಂದ್ ಮಾತು ಹೇಳು. ಅಷ್ಟೇ."

ಮುದುಕಿ ಹೊಳೆಯ ಕಡೆಗೆ ಕೈ ತೋರಿಸಿದಳು. "ಹುಟ್ಟಿದಾಗಿಂದ ಈ ನೀರಿಗೆ ಹೆದರಿ ಹೆದರಿ ಸತ್ತಿದೀನಿ ಅರ್ಲೀನ್. ಇವತ್ತು ದಾಟ್ತೀನಾ, ಕೊಚ್ಕೊಂಡ್ ಹೋಗ್ತೀನಾ ಅಂತ. ಮುಪ್ಪಿನಲ್ಲಿ ನಂಗೂ ಅಂತ ಒಂದು ಸೇತುವೆ ಸಿಕ್ಕಿದೆ. ಇವ್ರು ಕೊಟ್ಟಿದ್ದು ಅದೊಂದೇ. ಅದನ್ನೂ ಕಿತ್ಕೋತೀಯಾ?"

ಸಿಟ್ಟಿಗಿಂತ ಹೆಚ್ಚಾಗಿ ಅರ್ಲೀನಳಿಗೆ ಅಳು ಬಂದಿತ್ತು.

ಉಳಿದವರದೂ ಅದೇ ಕಥೆ. ಸೇತುವೆ ಇತ್ತೋ ಇಲ್ಲವೋ ಎಂಬ ಪ್ರಶ್ನೆ ಊರಿನಲ್ಲಿ ಯಾರಿಗೂ ಉಳಿದಿರಲಿಲ್ಲ. ಅದು ಮರದ್ದೋ ಕಬ್ಬಿಣದ್ದೋ ಎಂಬುದರ ಮೇಲೆ ಊರು ಎರಡಾಗಿತ್ತು. ಕಬ್ಬಿಣದವರು ಮರದವರ ಮನೆಗೆ ಹೋಗುವುದನ್ನು ನಿಲ್ಲಿಸಿದ್ದರು. ಅಡಿಗಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ ಯೂನಾ ಕೂಡ ತಲೆಯೆತ್ತದೆ "ಕಬ್ಬಿಣದ್ದು" ಅಂದಳು. ಊರಿನಲ್ಲಿ ಸೇತುವೆ ನೆನಪಿಲ್ಲದವಳು ಎಂದರೆ ಅರ್ಲೀನ್ ಒಬ್ಬಳೇ. ಜನ ಅವಳನ್ನು ಮರೆವಿನ ರೋಗ ಹತ್ತಿದವಳೆಂದು ಮರುಕದಿಂದ ನೋಡತೊಡಗಿದರು.

ಈ ನಡುವೆ ಪ್ರವಾಸೋದ್ಯಮ ಸಚಿವರಿಗೆ ಒಂದು ಮಾತು ಹೊಳೆಯಿತು. ಸೇತುವೆ ಇತ್ತು, ಈಗ ಇಲ್ಲ ಎಂದರೆ ಯಾವುದೋ ಚಂಡಮಾರುತ ಅದನ್ನು ಒಯ್ದಿರಬೇಕು. ಅವರು ಬಾಗಿಲು ದಾಟಿ ಲೋಕೋಪಯೋಗಿ ಸಚಿವರಿಗೆ ಇದನ್ನು ತಿಳಿಸಿದಾಗ ಲೋಕೋಪಯೋಗಿ ಸಚಿವರು ಗದ್ಗದಿತರಾದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಕಂಡಿದ್ದೇವೆ. ಇವರು ಹುಟ್ಟದ ಕೂಸಿನ ಸಾವಿಗೆ ಪರಿಹಾರ ಕೇಳಿ ಪರದೇಶಗಳಿಗೆ ಬರೆದರು. ಪರದೇಶದವರು ಒಳ್ಳೆಯ ಜನ. ಮಾ ಫೀಲೋ ಹೇಳಿಕೆಯನ್ನು ಓದಿ ಅತ್ತು, ಪರಿಹಾರ ಕಳಿಸಿಕೊಟ್ಟರು.

ಬಂದ ಪರಿಹಾರದಲ್ಲಿ ಸಚಿವರ ಮನೆಗೆ ಎರಡನೇ ಮಹಡಿ ಎದ್ದಿತೆಂದು ಕೆಲವರು ಆಡಿಕೊಂಡರು. ಇದು ಅರ್ಧಸತ್ಯ. ಉಳಿದ ಭಾಗದಲ್ಲಿ, ಸೇತುವೆ ಇದ್ದ ಜಾಗವನ್ನು ಪ್ರವಾಸಿಗರು ಕಣ್ತುಂಬ ನೋಡಲೆಂದು ಪಟ್ಟಣದ ಕಡೆಯ ದಡದಲ್ಲಿ ಒಂದು ವೀಕ್ಷಣಾ ಕಟ್ಟೆ ಕಟ್ಟಿಸಲಾಯಿತು. ಭದ್ರವಾದ ಕಾಂಕ್ರೀಟಿನ ಕಂಬಗಳು. ಲಾರಿ ಹತ್ತಿ ನಿಂತರೂ ಅಲುಗದು. ಜೀಪುಗಳು ಅದರ ಮೇಲೇ ಹೋಗಿ ನಿಲ್ಲುವಷ್ಟು ಅಗಲ. ಹೊಳೆಯ ಮೇಲೆ ಅರ್ಧಕ್ಕಿಂತ ಹೆಚ್ಚು ಚಾಚಿಕೊಂಡಿತ್ತು. ಇನ್ನು ಸ್ವಲ್ಪ ಮುಂದಕ್ಕೆ ಹೋಗಿದ್ದರೆ ಅದು ಸೇತುವೆಯಾಗಿಬಿಡುವ ಅಪಾಯವಿದ್ದು, ಎಂಜಿನಿಯರರು ಸಮಯಕ್ಕೆ ಸರಿಯಾಗಿ ಗಮನಿಸಿ ಕೆಲಸ ನಿಲ್ಲಿಸಿದರು. ಅವರಿಗೆ ಪದಕ ಸಿಕ್ಕಿತು.

ಉದ್ಘಾಟನೆಯ ದಿನ ಲಾರೊಂಡ್ ಅವರು ಕಟ್ಟೆಯ ತುದಿಯಲ್ಲಿ ನಿಂತು, "ಈ ಸೇತುವೆಯನ್ನು ಕಳೆದುಕೊಂಡ ನೋವು ನಿಮಗಿಂತ ನನಗೆ ಹೆಚ್ಚು" ಎಂದರು. ಆಚೆ ದಡದ ಅನ್ಸ್ ಕಾಕೋದವರು ಟೋಪಿ ತೆಗೆದು ಒಂದು ನಿಮಿಷ ಮೌನ ಆಚರಿಸಿದರು. ಅರ್ಲೀನ್ ಮಾತ್ರ "ಕಳ್ ನನ್ಮಗನೇ!" ಎಂದು ಕೂಗಿದಳು. ಹೊಳೆಯ ಸದ್ದಿನಲ್ಲಿ ಅದು ಸಚಿವರಿಗೆ ಜೈಕಾರದಂತೆ ಕೇಳಿಸಿ, ಅವರು ಕೈಬೀಸಿದರು.

ಮಳೆ ಶುರುವಾಯಿತು. ಒಂದು ಮಧ್ಯಾಹ್ನ ಅರ್ಲೀನ್ ಉಪ್ಪುಮೀನು ಕುದಿಯಲು ಇಟ್ಟು ಬಾಳೆಕಾಯಿ ಹೆಚ್ಚುತ್ತಿದ್ದಾಗ ಶರ್ನೆಲ್ ಗೋಡೆ ಹಿಡಿದು ನಿಂತಳು. ಅವಳ ಮುಖ ನೋಡಿದ ಕೂಡಲೇ ಅರ್ಲೀನ್‌ಗೆ ಗೊತ್ತಾಯಿತು. ಮನೆಯಲ್ಲಿ ಗಾಡಿ ಇರಲಿಲ್ಲ. ಅವಳ ನಾಲ್ಕೂ ಜೀಪುಗಳನ್ನು ಯಾರ್ಯಾರೋ ಇಲ್ಲದ್ದನ್ನು ನೋಡಲು ಒಯ್ದಿದ್ದರು. ಅದೃಷ್ಟಕ್ಕೆ, ಮಾತು ಕೊಟ್ಟಂತೆ ಮತ್ತೆ ಬಂದಿದ್ದ ಹಾಲ್ವರ್ಸನ್ ದಂಪತಿ ನೀರು ಏರುವ ಮುಂಚೆ ದಾಟಿ ಬಂದು, ಮಾ ಫೀಲೋ ಹತ್ತಿರ ಸೇತುವೆಯ ಕಥೆ ಕೇಳುತ್ತ ಕೂತಿದ್ದರು. ಅವರು ಬಾಡಿಗೆಗೆ ಒಯ್ದಿದ್ದ ಜೀಪಿನ ಹಿಂದಿನ ಸೀಟಿನಲ್ಲಿ ಶರ್ನೆಲ್‌ಳನ್ನು ಮಲಗಿಸಿಕೊಂಡು, ಮಾ ಫೀಲೋಳನ್ನೂ ಹತ್ತಿಸಿಕೊಂಡು ಹೊಳೆಯ ದಡಕ್ಕೆ ಬಂದರು.

ಹೊಳೆ ಕೆಂಪಗೆ ಮೊರೆಯುತ್ತಿತ್ತು. ಎದುರಿಗೆ ವೀಕ್ಷಣಾ ಕಟ್ಟೆ, ಕೂಗಿದರೆ ಕೇಳಿಸುವಷ್ಟು ಹತ್ತಿರ. ಅದರ ಮೇಲೆ ಕೊಡೆ ಹಿಡಿದ ಪ್ರವಾಸಿಗರು. ಅವರಲ್ಲಿ ಯಾರೋ ಪಟ್ಟಣಕ್ಕೆ ಓಡಿ ತಿಳಿಸಿ, ಆಸ್ಪತ್ರೆಯ ಆಂಬುಲೆನ್ಸೂ ಬಂದು ಕಟ್ಟೆಯ ತುದಿಯವರೆಗೆ ಓಡಿ ಅಲ್ಲಿ ನಿಂತಿತು. ನರ್ಸ್ ಇಳಿದು ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು: "ಸ್ವಲ್ಪ ತಡ್ಕೊಳ್ಳೋಕೆ ಹೇಳಿ!"

"ಯಾರಿಗೆ ಹೇಳ್ಲೇ? ಮಗೂಗಾ?" ಎಂದು ಅರ್ಲೀನ್ ಕಿರುಚಿದಳು. ಕಳೆದ ಮಳೆಗಾಲದಲ್ಲಿ ಯೂನಾ ಕಾಯುತ್ತ ಕೂತಿದ್ದ ಅಡಿಗಲ್ಲು ಅಲ್ಲೇ ಪಕ್ಕದಲ್ಲಿತ್ತು. ಅದರ ಮೇಲೆ ಕೆತ್ತಿದ ಸಚಿವರ ಹೆಸರು ಮಳೆಗೆ ತೊಳೆದು ಥಳಥಳ ಹೊಳೆಯುತ್ತಿತ್ತು.

ಮಿಸೆಸ್ ಹಾಲ್ವರ್ಸನ್ ಅಂಗಿಯ ತೋಳು ಮೇಲಕ್ಕೆ ಮಡಚಿದಳು. "ನಾನು ದನದ ಡಾಕ್ಟರು. ಕರು ಎಷ್ಟೋ ತೆಗೆದಿದೀನಿ, ಮನುಷ್ಯರದ್ದು ಗೊತ್ತಿಲ್ಲ."

"ಬಸುರಿ ಯಾರಾದ್ರೇನು, ಬರೋ ದಾರಿ ಒಂದೇ. ಕೈ ಹಾಕಮ್ಮ ನೀನು!" ಎಂದಳು ಮಾ ಫೀಲೋ.

ಆಚೆಯಿಂದ ನರ್ಸ್ ಕೂಗಿದ್ದು ಈಚೆಗೆ ಅರ್ಧ ಕೇಳುತ್ತಿತ್ತು. ಉಳಿದರ್ಧವನ್ನು ಕಟ್ಟೆಯ ಮೇಲಿನ ಪ್ರವಾಸಿಗರು ಒಟ್ಟಾಗಿ ಕೂಗಿ ಮುಟ್ಟಿಸಿದರು. ಮಿಸ್ಟರ್ ಹಾಲ್ವರ್ಸನ್ ಹೊರಗೆ ಮಳೆಯಲ್ಲಿ ನಿಂತು, ಏನು ಮಾಡಬೇಕೆಂದು ತಿಳಿಯದೆ ಜೀಪಿನ ಗಾಜು ಒರೆಸುತ್ತಿದ್ದ. ಅರ್ಲೀನ್ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತನಗೆ ಗೊತ್ತಿದ್ದ ಸಂತರನ್ನೆಲ್ಲ ಕರೆದಳು. ಸಂತರು ಮುಗಿದ ಮೇಲೆ ಸಚಿವರನ್ನು ಹೆಸರು ಹಿಡಿದು ಶಪಿಸಿದಳು. ಹಾಗೆ ಶಪಿಸುತ್ತಿರುವಾಗಲೇ ಮಗು ಹುಟ್ಟಿತು. ಹೆಣ್ಣು. ಮೊದಲು ಅಳಲಿಲ್ಲ. ಮಿಸೆಸ್ ಹಾಲ್ವರ್ಸನ್ ಕರುವಿಗೆ ಮಾಡುವಂತೆ ತಲೆಕೆಳಗು ಹಿಡಿದು ಉಜ್ಜಿದಳು. ಆಮೇಲೆ ಅತ್ತಿತು, ಹೊಳೆಗೂ ಕೇಳುವ ಹಾಗೆ. ಕಟ್ಟೆಯ ಮೇಲಿನವರು ಚಪ್ಪಾಳೆ ತಟ್ಟಿದರು. ಅರ್ಲೀನ್ ಜೀಪಿನ ಬಾಗಿಲು ಹಿಡಿದು ಗಳಗಳ ಅತ್ತಳು. ಹೊಳೆ ಇಳಿದ ಮೇಲೆ ಆಸ್ಪತ್ರೆಗೆ ಹೋದರು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು.

ಜನನ ನೋಂದಣಿ ಬುಧವಾರ ಮಾತ್ರ. ಬುಧವಾರದ ಮಟ್ಟಿಗೆ ನೋಂದಣಾಧಿಕಾರಿಯಾಗಿ ಕೂರುವವರು ಫಾಂಟನೆಲ್. ಮಗುವಿಗೆ ಶುಭ ಹಾರೈಸಿ, ಕನ್ನಡಕ ಏರಿಸಿ, "ಹುಟ್ಟಿದ ಸ್ಥಳ?" ಎಂದರು.

"ಜೀಪು," ಅಂದಳು ಅರ್ಲೀನ್.

"ಜೀಪು ಸ್ಥಳವಲ್ಲ. ಅದು ಓಡಾಡುತ್ತೆ."

"ಓಡಾಡೋ ಹಾಗಿದ್ದಿದ್ರೆ ಅಲ್ಯಾಕೆ ಹುಟ್ತಿತ್ತು? ಹೊಳೆ ಅಂತ ಬರಿ."

"ಹೊಳೆಯಲ್ಲಿ ಹುಟ್ಟಿದ್ದು ಮೀನುಗಾರಿಕೆ ಇಲಾಖೆಗೆ ಸೇರುತ್ತೆ. ಮನೆ ಅಲ್ಲ, ಆಸ್ಪತ್ರೆ ಅಲ್ಲ. ಆ ದಡದಲ್ಲಿ ಸರ್ಕಾರದ ಲೆಕ್ಕಕ್ಕೆ ಸಿಗೋ ಸ್ಥಳ ಒಂದೇ ಇದೆ." ಅವರು ಬರೆಯಲಿಲ್ಲ, ಪೆನ್ನು ಹಿಡಿದು ಕಾದರು. "ಸ್ಥಳ ಇಲ್ಲದೆ ಹುಟ್ಟಿದ ಮಗು ಹುಟ್ಟಿಲ್ಲ ಅಂತಾನೇ ಲೆಕ್ಕ, ಮಿಸೆಸ್ ಪೋಲಿಡೋರ್. ಚುಚ್ಚುಮದ್ದು ಇಲ್ಲ, ಶಾಲೆ ಇಲ್ಲ. ನಾನು ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಅರ್ಲೀನ್ ವಹಿಯನ್ನು ಹಿಂದಕ್ಕೆ ತಳ್ಳಿದಳು. ಹುಟ್ಟಿದ ಸ್ಥಳ ಸೇತುವೆ ಎಂದು ಸಹಿ ಹಾಕಿದರೆ ಊರಿನಲ್ಲಿ ಸೇತುವೆ ಇರಲಿಲ್ಲ ಎನ್ನುವ ಕೊನೆಯ ಬಾಯಿಯೂ ಮುಚ್ಚಿದಂತೆ. ಮುಂದೆ ಯಾರಿಗೂ ಸೇತುವೆ ಕಟ್ಟಿಕೊಡಿ ಎಂದು ಕೇಳುವ ಹಕ್ಕು ಉಳಿಯುವುದಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಅಮ್ಮಾ, ಹಾಕಮ್ಮ," ಎಂದಳು ಶರ್ನೆಲ್ ಮೆಲ್ಲಗೆ. "ಇರ್ಲಿಲ್ಲ ಅಂತ ಹೇಳಿ ಏನ್ ಸಿಕ್ತು ನಮಗೆ? ನನ್ ಮಗಳಾದ್ರೂ ಇರ್ಲಿ."

ಅರ್ಲೀನ್ ಮಗುವಿನ ಮುಖ ನೋಡಿ ಸಹಿ ಹಾಕಿದಳು. ಫಾಂಟನೆಲ್ ಎದ್ದು ನಿಂತು ಅವಳ ಕೈ ಕುಲುಕಿದರು. ಅನ್ಸ್ ಕಾಕೋ ಊರಿಗೆ ಊರೇ ಒಮ್ಮತಕ್ಕೆ ಬಂದಿತ್ತು.

ತಿಂಗಳೊಪ್ಪತ್ತಿನಲ್ಲಿ ಅಧಿಸೂಚನೆ ಹೊರಬಿತ್ತು. ಸದರಿ ಸೇತುವೆಯ ಮೇಲೆ ಪ್ರಸಕ್ತ ಸಾಲಿನಲ್ಲಿ ಜನನವೊಂದು ಸಂಭವಿಸಿ ದಾಖಲಾಗಿರುವುದರಿಂದ, ಅದು ಬಳಕೆಯಲ್ಲಿದೆ ಎಂಬುದು ಸ್ಥಾಪಿತವಾಗಿರುತ್ತದೆ. ಆದ್ದರಿಂದ ಸೇತುವೆಯನ್ನು ಸಂಚಾರಕ್ಕೆ ಮುಕ್ತಗೊಳಿಸಲಾಗಿದೆ. ಊರಿನ ಹಿರಿಯರ ಹೇಳಿಕೆಗಳ ಮೇರೆಗೆ ಅದು ಕಿರಿದಾಗಿದ್ದು, ಒಂದು ಸಲಕ್ಕೆ ಒಂದೇ ವಾಹನ ಹೋಗತಕ್ಕದ್ದು. ಮರವೋ ಕಬ್ಬಿಣವೋ ಎಂಬುದು ತನಿಖೆಯಲ್ಲಿದ್ದು, ಅಲ್ಲಿಯವರೆಗೆ ನಿಧಾನವಾಗಿ ಚಲಿಸತಕ್ಕದ್ದು. ಸೇತುವೆಯ ಮೇಲೆ ನೀರು ಹರಿಯುವಾಗ ಸೇತುವೆ ಮುಚ್ಚಿರುತ್ತದೆ.

ಇದನ್ನು ಜನ ಸ್ವಾಗತಿಸಿದರು. ಮಾ ಫೀಲೋ ಮಿಠಾಯಿ ಹಂಚಿದಳು.

ಮಳೆ ನಿಂತು, ನೀರು ಇಳಿದ ಮೇಲೆ ಒಂದು ಬೆಳಿಗ್ಗೆ ಅರ್ಲೀನ್ ಮಗಳನ್ನೂ ಮೊಮ್ಮಗುವನ್ನೂ ಜೀಪಿನಲ್ಲಿ ಕೂರಿಸಿಕೊಂಡು ಚುಚ್ಚುಮದ್ದಿಗೆಂದು ಪಟ್ಟಣಕ್ಕೆ ಹೊರಟಳು. ಹೊಳೆಗೆ ಇಳಿದು ಅರ್ಧ ಬಂದಿರಬೇಕು, ಎದುರು ದಡದಿಂದ ಪ್ರವಾಸಿಗರ ಜೀಪೊಂದು ನೀರಿಗೆ ಇಳಿದು, ಅವಳ ಪಕ್ಕದಲ್ಲೇ ಹಾದುಹೋಗಲೆಂದು ನೇರವಾಗಿ ಬರತೊಡಗಿತು. ನಾಲ್ಕು ಜೀಪು ಪಕ್ಕಪಕ್ಕದಲ್ಲೇ ದಾಟುವಷ್ಟು ಜಾಗ ಆ ಹೊಳೆಯಲ್ಲಿತ್ತು.

ಅರ್ಲೀನ್ ಹಾರ್ನ್ ಒತ್ತಿ ಹಿಡಿದು ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ರೀ! ಕಣ್ಣು ಕಾಣಲ್ವಾ? ಸೇತುವೆ ಮೇಲೆ ಗಾಡಿ ಇರೋವಾಗ ನುಗ್ತಿದೀರಲ್ಲ! ಹಿಂದಕ್ಕೆ ಹೋಗ್ರೀ! ಹಸುಗೂಸು ಇದೆ ಇಲ್ಲಿ, ಅಂಚಿಂದ ಕೆಳಕ್ಕೆ ಬಿದ್ರೆ ಯಾರು ಹೊಣೆ?"

ಪ್ರವಾಸಿ ಬೆಚ್ಚಿ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಎರಡೂ ಕಡೆ ನೀರು ಕಂಡು ಹೆದರಿ, ಕ್ಷಮೆ ಕೇಳಿ ಹಿಂದಕ್ಕೆ ಹೋದ.

"ಹೋಗ್ಲಿ ಬಿಡಮ್ಮ, ಹೊಸಬರು," ಅಂದಳು ಶರ್ನೆಲ್, ಮಗುವನ್ನು ಎದೆಗೆ ಅವಚಿಕೊಂಡು.

ಅರ್ಲೀನ್ ಗಾಡಿಯನ್ನು ನಟ್ಟನಡುವೆ ಇಟ್ಟುಕೊಂಡು, ಎರಡೂ ಕಡೆ ಕಣ್ಣಿಟ್ಟು, ಮೆಲ್ಲಗೆ ದಾಟಿಸಿದಳು. ದಡ ಮುಟ್ಟಿದ ಮೇಲೆ ಉಸಿರು ಬಿಟ್ಟಳು. ಹಳೆಯ ಸೇತುವೆ, ಭಾರ ತಡೆಯುತ್ತದೆ ಎಂದು ಹೇಳಲಾಗದು.